ಬಿಸಿ ಎಲ್ಲಿಗೆ ಹೋಗುತ್ತದೆ? ಕಂಪ್ಯೂಟರ್ ತಂಪಿನ ಚರಿತ್ರೆ ಮತ್ತು ಆಸ್ಪರಿಯ ಒಂದು ಕೋಣೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಾತಾಡಿದ್ದರ ಬರಹರೂಪ. ಮಾತಿನ ಧಾಟಿಯನ್ನು ಸಾಧ್ಯವಾದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಪ್ರಶ್ನೋತ್ತರದ ಭಾಗವೂ ಇದೆ.)

ಇವತ್ತಿನ ವಿಷಯ ಕೇಳಿದ್ರೆ ಇದು ಚರಿತ್ರೆಯ ಗೋಷ್ಠಿಯೋ, ಕಂಪ್ಯೂಟರ್ ಅಂಗಡಿಯೋ ಅನ್ನಿಸಬಹುದು. ನಮ್ಮ ಮುಂದಿರೋ ಪ್ರಶ್ನೆ ಹೀಗಿದೆ: ಆಸ್ಪರಿಯಲ್ಲಿ ಇಡಬೇಕಾದ ಒಂದು ಶಕ್ತಿಶಾಲಿ ಡೆಸ್ಕ್‌ಟಾಪಿಗೆ ಗಾಳಿಯ ಕೂಲರ್ ಹಾಕಬೇಕೋ, ನೀರಿನ ಕೂಲರ್ ಹಾಕಬೇಕೋ? ನನ್ನ ವಾದ ಏನಂದ್ರೆ, ಈ ಪ್ರಶ್ನೆಯನ್ನು ಎಲ್ಲಕ್ಕಿಂತ ಕೊನೆಗೆ ಕೇಳಬೇಕು. ಅದಕ್ಕೂ ಮೊದಲು ಕೇಳಬೇಕಾದ ಮೂರು ಪ್ರಶ್ನೆಗಳಿವೆ. ಎಷ್ಟು ಬಿಸಿ ಹುಟ್ಟುತ್ತೆ? ಆ ಬಿಸಿ ಕೊನೆಗೆ ಎಲ್ಲಿಗೆ ಹೋಗುತ್ತೆ? ಹೋಗೋ ದಾರಿಯಲ್ಲಿ ಏನು ಅಡ್ಡ ಬರುತ್ತೆ? ಕಂಪ್ಯೂಟರಿನ ಎಂಬತ್ತು ವರ್ಷದ ಚರಿತ್ರೆ ಇದನ್ನೇ ಮತ್ತೆ ಮತ್ತೆ ಹೇಳಿಕೊಟ್ಟಿದೆ.

1. ಜಾಗ ಮತ್ತು ಕೆಲಸ

ಆಸ್ಪರಿ ಗೊತ್ತಿಲ್ಲದವರಿಗೆ ಎರಡು ಮಾತು. ಗುಂತಕಲ್‌ನಿಂದ ಆದೋನಿ ಕಡೆಗೆ ಹೋಗೋ ರೈಲು ಮಾರ್ಗದಲ್ಲಿ ಸಿಗೋ ಊರು ಅದು. ಮಳೆ ಕಡಿಮೆ, ಎರೆಮಣ್ಣು ಹೆಚ್ಚು, ಹತ್ತಿ ಬೆಳೆ. ಈ ಸೀಮೆಯ ಆದೋನಿ, ಆಲೂರು ತಾಲೂಕುಗಳು ಆಗಿನ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಅವು ಆ ಕಡೆಗೆ ಹೋದವು. ಬಳ್ಳಾರಿ ಈ ಕಡೆ ಮೈಸೂರಿಗೆ ಸೇರಿತು. ಹಾಗಾಗಿ ಇವತ್ತಿಗೂ ಇಲ್ಲಿನ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಕಚೇರಿಯ ಕಾಗದ ತೆಲುಗು.

ನಮ್ಮ ಗುಂಪು ಇಲ್ಲಿ ಎರಡು ಕೆಲಸ ಮಾಡ್ತಾ ಇದೆ. ಒಂದು, ಮನೆಗಳಲ್ಲಿ ಉಳಿದಿರೋ ಹಳೆಯ ಕನ್ನಡ ಕಾಗದಪತ್ರಗಳ ಫೋಟೊ ತೆಗೆಯೋದು. ಇನ್ನೊಂದು, ಸುತ್ತಲಿನ ಶಾಸನದ ಬಂಡೆಗಳನ್ನು ನೂರಾರು ಕೋನದಿಂದ ಫೋಟೊ ತೆಗೆದು, ಅವನ್ನು ಜೋಡಿಸಿ ಮೂರು ಆಯಾಮದ ಮಾದರಿ ಮಾಡೋದು. ಪತ್ತಿಕೊಂಡದ ಹತ್ತಿರ ರಾಜುಲ ಮಂಡಗಿರಿಯಲ್ಲೂ ಜೊನ್ನಗಿರಿ ಬಳಿಯ ಎರ್ರಗುಡಿಯಲ್ಲೂ ಅಶೋಕನ ಶಾಸನಗಳಿವೆ ಅಂತ ನಿಮಗೆಲ್ಲ ಗೊತ್ತು. ಅಕ್ಷರ ಸವೆದ ಕಲ್ಲಿನಲ್ಲಿ ಬೆಳಕನ್ನು ಬೇಕಾದ ಕಡೆಯಿಂದ ಬಿಟ್ಟು ಓದೋಕೆ ಇಂಥ ಮಾದರಿ ತುಂಬ ಉಪಯೋಗ.

ಈ ಜೋಡಣೆಯ ಕೆಲಸಕ್ಕೂ ಆಟದ ಕಂಪ್ಯೂಟರಿಗೂ ಒಂದು ವ್ಯತ್ಯಾಸ ಇದೆ. ಆಟದಲ್ಲಿ ಹೊರೆ ಏರುತ್ತೆ, ಇಳಿಯುತ್ತೆ. ಇಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಗಂಟೆಗಟ್ಟಲೆ ಬಿಡುವಿಲ್ಲದೆ ದುಡೀತವೆ. ಮಧ್ಯದಲ್ಲಿ ಯಂತ್ರ ಬಿಸಿಯಾಗಿ ನಿಂತುಹೋದ್ರೆ ಒಂದು ರಾತ್ರಿಯ ಕೆಲಸ ಹೋಯ್ತು. ನಿಲ್ಲದೆ ವೇಗ ಇಳಿಸಿಕೊಂಡ್ರೆ ದುಬಾರಿ ಪ್ರೊಸೆಸರಿಗೆ ಕೊಟ್ಟ ದುಡ್ಡು ಹೋಯ್ತು. ಕೈಯಲ್ಲಿರೋ ಅನುದಾನದಲ್ಲಿ ಒಂದೇ ಯಂತ್ರ ಬರೋದು. ಅದಕ್ಕೇ ಇಷ್ಟು ಯೋಚನೆ.

2. ಯಂತ್ರಕ್ಕೊಂದು ಕೋಣೆ

ಮೊದಲ ಕಾಲದ ಕಂಪ್ಯೂಟರುಗಳಿಗೆ ಕೂಲರ್ ಅಂದ್ರೆ ಇಡೀ ಕೋಣೆ. 1946ರಲ್ಲಿ ಲೋಕಕ್ಕೆ ತೋರಿಸಿದ ಅಮೆರಿಕದ ಎನಿಯಾಕ್‌ನಲ್ಲಿ ಸುಮಾರು 18,000 ನಿರ್ವಾತ ಕವಾಟಗಳಿದ್ದವು. ಅದು ಎಳೀತಿದ್ದ ವಿದ್ಯುತ್ ಸುಮಾರು 150 ಕಿಲೊವಾಟ್. ದೊಡ್ಡ ಫ್ಯಾನುಗಳಿಂದ ಗಾಳಿ ನುಗ್ಗಿಸಿ ಆ ಬಿಸಿಯನ್ನು ಹೊರಹಾಕಬೇಕಿತ್ತು. ನಮ್ಮಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕಟ್ಟಿದ ಟಿಫ್ರಾಕ್ 1960ರಲ್ಲಿ ಪೂರ್ಣವಾಗಿ ಕೆಲಸ ಶುರು ಮಾಡ್ತು. ಅದರಲ್ಲೂ ಸುಮಾರು 2,700 ಕವಾಟಗಳು. ಒಂದೊಂದೂ ಸಣ್ಣ ಬಲ್ಬಿನ ಹಾಗೆ ಉರಿಯೋದು.

ಆಮೇಲೆ ಕವಾಟ ಹೋಗಿ ಟ್ರಾನ್ಸಿಸ್ಟರ್ ಬಂತು. ಆದ್ರೂ 'ಕಂಪ್ಯೂಟರ್ ರೂಮ್' ಅನ್ನೋ ಕಲ್ಪನೆ ಉಳೀತು. ನಮ್ಮ ಹಿರಿಯರನ್ನು ಕೇಳಿ: 80ರ, 90ರ ದಶಕದ ಶಾಲೆ, ಬ್ಯಾಂಕು, ಕಾಲೇಜುಗಳಲ್ಲಿ ಎಸಿ ಇದ್ದ ಕೋಣೆ ಅಂದ್ರೆ ಕಂಪ್ಯೂಟರ್ ಕೋಣೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಮನುಷ್ಯರಿಗೆ ಫ್ಯಾನು, ಯಂತ್ರಕ್ಕೆ ಎಸಿ. ಇದನ್ನ ಈಗ ನೆನೆಸಿಕೊಂಡು ನಗ್ತೀವಿ. ಆದ್ರೆ ಆ ಪದ್ಧತಿಯಲ್ಲಿ ಒಂದು ತಿಳಿವಳಿಕೆ ಇತ್ತು. ಬಿಸಿ ಮತ್ತು ಧೂಳು ಎರಡೂ ಕೋಣೆಯ ಸಮಸ್ಯೆ, ಪೆಟ್ಟಿಗೆಯ ಸಮಸ್ಯೆ ಅಲ್ಲ ಅನ್ನೋದು ಅವರಿಗೆ ಗೊತ್ತಿತ್ತು.

ಇಲ್ಲಿ ಹತ್ತಿಯ ಸೀಮೆಯವರಿಗೆ ಆಸಕ್ತಿ ಹುಟ್ಟಿಸೋ ಒಂದು ಸಂಗತಿ ಇದೆ. ವಿಲಿಸ್ ಕ್ಯಾರಿಯರ್ 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕೆ ಗಾಳಿಯ ತೇವ ಹದ ಮಾಡೋ ವ್ಯವಸ್ಥೆ ರೂಪಿಸಿದ. ಆದ್ರೆ 'ಏರ್ ಕಂಡಿಷನಿಂಗ್' ಅನ್ನೋ ಹೆಸರನ್ನು 1906ರಲ್ಲಿ ಬಳಕೆಗೆ ತಂದವನು ಸ್ಟೂವರ್ಟ್ ಕ್ರಾಮರ್, ನಾರ್ತ್ ಕ್ಯಾರೊಲಿನಾದ ಜವಳಿ ಎಂಜಿನಿಯರ್. ಹತ್ತಿ ಗಿರಣಿಯ ಒಣ ಗಾಳಿಯಲ್ಲಿ ನೂಲು ಕಡೀತಿತ್ತು, ಎಳೆ ಹಾರ್ತಿತ್ತು. ಅದಕ್ಕೆ ಗಾಳಿಗೆ ನೀರು ಸೇರಿಸಿ ಹದ ಮಾಡೋ ಕೆಲಸಕ್ಕೆ ಅವನು ಇಟ್ಟ ಹೆಸರು ಅದು. ಹತ್ತಿಗೆ ಒಳ್ಳೇದಾದ ತೇವ ಕಂಪ್ಯೂಟರಿಗೆ ಎಷ್ಟು ಒಳ್ಳೇದು ಅನ್ನೋದನ್ನು ಆಮೇಲೆ ನೋಡೋಣ.

3. ನೀರು ಬಂತು, ಹೋಯಿತು, ಮತ್ತೆ ಬಂತು

ನೀರಿನ ಕೂಲರ್ ಹೊಸ ಕಾಲದ್ದು, ಗಾಳಿಯದು ಹಳೆಯ ಕಾಲದ್ದು ಅಂತ ಒಂದು ಭಾವನೆ ಇದೆ. ಚರಿತ್ರೆ ಹಾಗೆ ಹೇಳೋದಿಲ್ಲ.

1976ರ ಕ್ರೇ-1 ಸೂಪರ್ ಕಂಪ್ಯೂಟರ್ ಸುಮಾರು 115 ಕಿಲೊವಾಟ್ ಎಳೀತಿತ್ತು. ಅದರ ಚೌಕಟ್ಟಿನ ಒಳಗೇ ಕೊಳವೆ ಇಟ್ಟು, ಫ್ರಿಜ್ಜಿನಲ್ಲಿ ಬಳಸೋ ಫ್ರಿಯಾನ್ ಹರಿಸ್ತಿದ್ರು. 1980ರಲ್ಲಿ ಐಬಿಎಂ ಹೊರತಂದ 3081 ಯಂತ್ರದಲ್ಲಿ ಪ್ರತಿ ಚಿಪ್ಪಿನ ಬೆನ್ನಿಗೂ ಒಂದೊಂದು ಸಣ್ಣ ಲೋಹದ ಕೊರಡು ಸ್ಪ್ರಿಂಗಿನಿಂದ ಒತ್ತಿಕೊಂಡಿರೋದು. ಸುತ್ತ ಹೀಲಿಯಂ ಅನಿಲ, ಮೇಲೆ ತಣ್ಣೀರಿನ ತಟ್ಟೆ. 1985ರ ಕ್ರೇ-2 ಇನ್ನೂ ಮುಂದೆ ಹೋಗಿ, ಸರ್ಕಿಟ್ ಹಲಗೆಗಳನ್ನೇ ವಿದ್ಯುತ್ ಹರಿಸದ ಫ್ಲೋರಿನರ್ಟ್ ದ್ರವದಲ್ಲಿ ಮುಳುಗಿಸಿತು.

ಆಮೇಲೆ ಏನಾಯ್ತು? 90ರ ದಶಕದಲ್ಲಿ ಐಬಿಎಂ ಹೆಚ್ಚು ಬಿಸಿಯಾಗೋ ಬೈಪೋಲಾರ್ ಚಿಪ್ಪು ಬಿಟ್ಟು, ಕಡಿಮೆ ವಿದ್ಯುತ್ ಸಾಕಾಗೋ ಸಿಮಾಸ್ ಚಿಪ್ಪಿಗೆ ಬಂತು. 1994ರ ದೊಡ್ಡ ಯಂತ್ರಗಳಿಗೆ ನೀರು ಬೇಕಾಗಲಿಲ್ಲ, ಗಾಳಿ ಸಾಕಾಯ್ತು. ಸಿಮಾಸ್ ಕೂಡ ಕ್ರಮೇಣ ಬಿಸಿಯೇರಿ, 2008ರ ಹೊತ್ತಿಗೆ ಅದೇ ಕಂಪನಿ ತನ್ನ ಪವರ್ 575 ಯಂತ್ರದಲ್ಲಿ ನೀರನ್ನು ವಾಪಸ್ ತಂತು. ಅಂದ್ರೆ ನೀರೋ ಗಾಳಿಯೋ ಅನ್ನೋದನ್ನ ತೀರ್ಮಾನ ಮಾಡಿದ್ದು ಕಾಲ ಅಲ್ಲ, ಬಿಸಿಯ ಪ್ರಮಾಣ. ಬಿಸಿಯನ್ನು ಹುಟ್ಟುವಲ್ಲೇ ತಗ್ಗಿಸಿದಾಗ ನೀರು ಬೇಡವಾಯ್ತು.

ಇದಕ್ಕೆ ಸಂಬಂಧಪಟ್ಟ ಕಥೆ ನಮ್ಮ ಹತ್ತಿರದಲ್ಲೇ ಇದೆ. 80ರ ದಶಕದಲ್ಲಿ ಸೂಪರ್ ಕಂಪ್ಯೂಟರುಗಳ ಮೇಲೆ ಅಮೆರಿಕದ ರಫ್ತು ನಿರ್ಬಂಧ ಬಿಗಿಯಾಗಿತ್ತು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು 1986ರಲ್ಲಿ ಫ್ಲೋಸಾಲ್ವರ್ ಕಟ್ಟಿದ್ರು. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಶುರುವಾಗಿ, ವಿಜಯ್ ಭಟ್ಕರ್ ಮುಂದಾಳತ್ವದಲ್ಲಿ 1991ಕ್ಕೆ ಪರಮ್ 8000 ಬಂತು. ಒಂದೇ ದೈತ್ಯ ಪ್ರೊಸೆಸರಿನ ಬದಲು ಸಾಮಾನ್ಯವಾಗಿ ಸಿಗೋ ಅನೇಕ ಸಣ್ಣ ಪ್ರೊಸೆಸರುಗಳಿಗೆ ಕೆಲಸ ಹಂಚೋದು ಇವರ ದಾರಿ. ಅವರು ಈ ದಾರಿ ಹಿಡಿದದ್ದು ತಂಪಿಗಾಗಿ ಅಲ್ಲ, ಸಿಗದೇ ಇದ್ದದ್ದಕ್ಕಾಗಿ. ಆದ್ರೆ ತಂಪಿನ ಕಣ್ಣಿಂದ ನೋಡಿದ್ರೂ ಇದು ಜಾಣ ದಾರಿ. ಒಂದೇ ಕಡೆ ಕೊತಕೊತ ಕುದಿಯೋ ಬಿಸಿ ಹತ್ತು ಕಡೆ ಹಂಚಿ ಹೋಗುತ್ತೆ.

2015ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಸಹಸ್ರಟಿ ಒಂದು ಕ್ರೇ ಎಕ್ಸ್‌ಸಿ40. ಆ ಸರಣಿಯ ಯಂತ್ರಗಳಲ್ಲಿ ಗಾಳಿ ಒಂದು ಬೀರುವಿನಿಂದ ಇನ್ನೊಂದಕ್ಕೆ ಅಡ್ಡಡ್ಡ ಹಾಯುತ್ತೆ. ನಡುವೆ ಇರೋ ನೀರಿನ ಸುರುಳಿಗಳು ಆ ಬಿಸಿಯನ್ನು ಹೀರಿಕೊಳ್ತವೆ. ಚಿಪ್ಪಿಂದ ಗಾಳಿಗೆ, ಗಾಳಿಯಿಂದ ನೀರಿಗೆ, ನೀರಿಂದ ಕಟ್ಟಡದ ಹೊರಗಿನ ಗಾಳಿಗೆ. ಎಷ್ಟೇ ದೊಡ್ಡ ವ್ಯವಸ್ಥೆ ಇರಲಿ, ಬಿಸಿ ನಾಶವಾಗೋದಿಲ್ಲ, ಕೈ ಬದಲಾಯಿಸುತ್ತೆ ಅಷ್ಟೆ. ಕೊನೆಯ ಕೈ ಊರಿನ ಗಾಳಿಯದು.

4. ಮೇಜಿನ ಮೇಲಿನ ಬಿಸಿ

ಈಗ ಡೆಸ್ಕ್‌ಟಾಪಿಗೆ ಬರೋಣ. 1981ರ ಐಬಿಎಂ ಪಿಸಿಯ 8088 ಚಿಪ್ಪಿನ ತಲೆ ಮೇಲೆ ಏನೂ ಇರಲಿಲ್ಲ. ಪವರ್ ಸಪ್ಲೈನಲ್ಲಿದ್ದ ಒಂದೇ ಫ್ಯಾನು ಎಲ್ಲಕ್ಕೂ ಸಾಕಾಗ್ತಿತ್ತು. 1993ರ ಮೊದಲ ಪೆಂಟಿಯಂ ಸುಮಾರು 16 ವಾಟ್ ಮುಟ್ಟಿದಾಗ ಹೀಟ್‌ಸಿಂಕು, ಸಣ್ಣ ಫ್ಯಾನು ತಲೆಗೇರಿದವು. 2004ರ ಪ್ರೆಸ್ಕಾಟ್ ಪೆಂಟಿಯಂ 4ರ ಕೆಲವು ಮಾದರಿಗಳು 115 ವಾಟ್. ಅದೇ ವರ್ಷ ಮೇ ತಿಂಗಳಲ್ಲಿ ಇಂಟೆಲ್ ಮುಂದಿನ ತೇಜಸ್ ಯೋಜನೆಯನ್ನೇ ಕೈಬಿಟ್ಟು, ವೇಗ ಏರಿಸೋ ಓಟ ನಿಲ್ಲಿಸಿ, ಒಂದೇ ಚಿಪ್ಪಿನಲ್ಲಿ ಹಲವು ಕೋರ್ ಇಡೋ ದಾರಿ ಹಿಡೀತು. ಮತ್ತೆ ಅದೇ ಪಾಠ: ಹಂಚಿಕೊಂಡ್ರೆ ಬಿಸಿ ಕಡಿಮೆ.

ಇವತ್ತಿನ ಎರಡು ಬಗೆಯ ಕೂಲರಿಗೂ ಅವುಗಳದೇ ಹಿನ್ನೆಲೆ ಇದೆ. ಗಾಳಿಯ ಕೂಲರಿನ ಜೀವ ಇರೋದು ಹೀಟ್‌ಪೈಪಿನಲ್ಲಿ. ಮುಚ್ಚಿದ ತಾಮ್ರದ ಕೊಳವೆ, ಒಳಗೆ ತುಸುವೇ ನೀರು. ಬಿಸಿಯ ತುದಿಯಲ್ಲಿ ಆವಿಯಾಗಿ, ತಣ್ಣನೆ ತುದಿಯಲ್ಲಿ ನೀರಾಗಿ, ಒಳಗೋಡೆಯ ಬತ್ತಿಯಂಥ ಪದರದಲ್ಲಿ ತಾನೇ ಹಿಂದಕ್ಕೆ ಹರಿಯುತ್ತೆ. 1963ರಲ್ಲಿ ಲಾಸ್ ಅಲಾಮೋಸ್‌ನ ಜಾರ್ಜ್ ಗ್ರೋವರ್ ಇದನ್ನ ಮಾಡಿ ತೋರಿಸಿ ಹೆಸರಿಟ್ಟ. ಅಂದ್ರೆ 'ಗಾಳಿಯ ಕೂಲರ್' ಒಳಗೂ ನೀರೇ ಇದೆ, ಪಂಪ್ ಮಾತ್ರ ಇಲ್ಲ. ಇನ್ನು ನೀರಿನ ಕೂಲರ್: 2004ರಲ್ಲಿ ಆಪಲ್ ತನ್ನ ಪವರ್ ಮ್ಯಾಕ್ ಜಿ5ರ ವೇಗದ ಮಾದರಿಗೆ ದ್ರವದ ತಂಪು ಕೊಟ್ಟಿತ್ತು. 2009ರಲ್ಲಿ ಕೋರ್ಸೇರ್ ಎಚ್50 ಬಂದ ಮೇಲೆ ಪಂಪ್, ಕೊಳವೆ, ರೇಡಿಯೇಟರ್ ಎಲ್ಲ ಸೇರಿಸಿ ಮುಚ್ಚಿ ಕೊಡೋ ಕೂಲರುಗಳು ಸಾಮಾನ್ಯರ ಕೈಗೆ ಸಿಕ್ಕವು. ಅದೇ ವರ್ಷ ನಾಕ್ಟುವಾ ಎನ್‌ಎಚ್-ಡಿ14 ಬಂತು, ಎರಡು ಗೋಪುರದ ದೊಡ್ಡ ಗಾಳಿಯ ಕೂಲರ್. ಎರಡೂ ಒಂದೇ ವಯಸ್ಸಿನವು.

ಇವತ್ತು ಇಂಟೆಲ್ ಕೋರ್ ಐ9-14900ಕೆ ಗರಿಷ್ಠ 253 ವಾಟ್ ಎಳೆಯೋಕೆ ಅನುಮತಿ ಪಡೆದಿದೆ. ಎಎಂಡಿಯ ರೈಜನ್ 9 7950ಎಕ್ಸ್ 230 ವಾಟ್. ಅದರ ಜೊತೆ ಗ್ರಾಫಿಕ್ಸ್ ಕಾರ್ಡ್ ಬೇರೆ. ನಮ್ಮ ಯಂತ್ರ ಪೂರ್ತಿ ಹೊರೆಯಲ್ಲಿ 500 ವಾಟ್ ಅಂತ ಇಟ್ಟುಕೊಳ್ಳೋಣ.

5. ಆಸ್ಪರಿಯ ಲೆಕ್ಕ

ಕೂಲರುಗಳ ಪರೀಕ್ಷೆ ಸಾಮಾನ್ಯವಾಗಿ 20–25 ಡಿಗ್ರಿಯ ಕೋಣೆಯಲ್ಲಿ ನಡೆಯುತ್ತೆ. ಕರ್ನೂಲು ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳು 40 ದಾಟೋದು ವಾಡಿಕೆ. ಒಂದು ಕೂಲರ್ ನಿರ್ದಿಷ್ಟ ಹೊರೆಯಲ್ಲಿ ಚಿಪ್ಪನ್ನು ಕೋಣೆಗಿಂತ 50 ಡಿಗ್ರಿ ಮೇಲಿರಿಸುತ್ತೆ ಅಂದ್ಕೊಳ್ಳಿ. ಅಲ್ಲಿ 25ರ ಕೋಣೆಯಲ್ಲಿ 75. ಇಲ್ಲಿ 42ರ ಕೋಣೆಯಲ್ಲಿ 92. ರೈಜನ್ 7950ಎಕ್ಸ್ 95ಕ್ಕೆ ವೇಗ ಇಳಿಸಿಕೊಳ್ಳುತ್ತೆ. ಒಳ್ಳೆಯ ನೀರಿನ ಕೂಲರ್ ತಂದ್ರೆ ಕೆಲವು ಡಿಗ್ರಿ ಉಳಿಯಬಹುದು. ಆದ್ರೆ ಕೋಣೆಯಲ್ಲೇ 17 ಡಿಗ್ರಿ ಕಳೆದುಕೊಂಡಿದ್ದೀವಿ. ರೇಡಿಯೇಟರ್ ಎಷ್ಟೇ ದೊಡ್ಡದಿರಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು.

ಇನ್ನೊಂದು ಲೆಕ್ಕ. 10 ಅಡಿಗೆ 12 ಅಡಿಯ ಕೋಣೆ, ಎತ್ತರ 10 ಅಡಿ. ಒಳಗಿರೋ ಗಾಳಿಯ ತೂಕ ಸುಮಾರು 38 ಕೆಜಿ. ಕಿಟಕಿ ಬಾಗಿಲು ಮುಚ್ಚಿ 500 ವಾಟ್ ಸುರಿದ್ರೆ, ಗೋಡೆ ಏನೂ ಹೀರದಿದ್ದಲ್ಲಿ, ಹತ್ತು ನಿಮಿಷಕ್ಕೆ ಸುಮಾರು 8 ಡಿಗ್ರಿ ಏರುತ್ತೆ. ಗೋಡೆ ಹೀರುತ್ತೆ, ಹಾಗಾಗಿ ನಿಜವಾಗಿ ನಿಧಾನ. ಆದ್ರೂ ದಿಕ್ಕು ಅದೇ. ಅದೇ ಸೆಕೆಂಡಿಗೆ ಸುಮಾರು 44 ಲೀಟರ್ ಗಾಳಿ ಹೊರಗೆ ಹೋಗಿ ಹೊಸ ಗಾಳಿ ಬಂದ್ರೆ, ಏರಿಕೆ 10 ಡಿಗ್ರಿಯ ಒಳಗೇ ನಿಲ್ಲುತ್ತೆ. ಅಡುಗೆಮನೆಗೆ ಹಾಕೋ ಎಕ್ಸಾಸ್ಟ್ ಫ್ಯಾನಿಗೆ ಇದು ದೊಡ್ಡ ಕೆಲಸ ಅಲ್ಲ. ಹಳೆಯ ಮಣ್ಣಿನ ಮಾಳಿಗೆಯ ಗವಾಕ್ಷಿ ಮಾಡ್ತಿದ್ದದ್ದೂ ಇದನ್ನೇ: ಬಿಸಿ ಗಾಳಿ ಮೇಲಕ್ಕೆ ಏರಿ ತಾನೇ ಹೊರಗೆ ಹೋಗೋದು.

ಏರ್ ಕೂಲರ್ ಇಟ್ರೆ? ಒಣ ಹವೆಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತೆ. 42 ಡಿಗ್ರಿ, ತೇವ ಶೇ. 20 ಇದ್ದಾಗ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಸುಮಾರು 24 ತೋರಿಸುತ್ತೆ. ಒಳ್ಳೆಯ ಕೂಲರಿನ ಗಾಳಿ 28ರ ಆಸುಪಾಸು ಬರಬಹುದು. ಲಾವಂಚದ ತಟ್ಟಿಗೆ ನೀರು ಚಿಮುಕಿಸೋ ಹಳೆಯ ಉಪಾಯವೂ ಇದೇ. ಆದ್ರೆ ಕಂಪ್ಯೂಟರಿನ ಮುಖಕ್ಕೆ ನೇರ ಬಿಡಬಾರದು. ಬೋರ್ ನೀರಿನ ಉಪ್ಪು ಪ್ಯಾಡಿನ ಮೇಲೆ ಬೆಳ್ಳಗೆ ಕಟ್ಟೋದನ್ನ ಎಲ್ಲರೂ ನೋಡಿರ್ತೀರಿ. ಹನಿಗಳ ಜೊತೆ ಅದೇ ಉಪ್ಪು ಸರ್ಕಿಟ್ ಹಲಗೆಗೆ ಹೋಗುತ್ತೆ. ತೇವ ಹೆಚ್ಚಾದ್ರೆ ಧೂಳು ಅಂಟಾಗಿ ಕೂರುತ್ತೆ. ಹತ್ತಿಗೆ ಹಿತವಾದ ತೇವ ಇಲ್ಲಿ ಹಿತ ಅಲ್ಲ. ಕೂಲರ್ ಕೋಣೆಯ ಒಂದು ಮೂಲೆಯಲ್ಲಿ, ಯಂತ್ರ ಇನ್ನೊಂದು ಮೂಲೆಯಲ್ಲಿ, ಎದುರು ಕಿಟಕಿ ತೆರೆದು: ಹಾಗಾದ್ರೆ ಸರಿ.

ಮೂರನೇದು ಅರಳೆ. ಆದೋನಿ ಆಂಧ್ರದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲೊಂದು. ಹತ್ತಿಯ ಸುಗ್ಗಿಯಲ್ಲಿ ಗಾಡಿ, ಲಾರಿ, ಜಿನ್ನಿಂಗ್ ಮಿಲ್ಲುಗಳಿಂದ ಹಾರೋ ಎಳೆ ಸಾಮಾನ್ಯ ಧೂಳಿನಂತೆ ಅಲ್ಲ. ಧೂಳು ಸಂದಿಯಲ್ಲಿ ತೂರಿ ಹೋಗುತ್ತೆ. ಎಳೆ ಅಡ್ಡ ಬಿದ್ದು ಒಂದಕ್ಕೊಂದು ಹೆಣೆದುಕೊಂಡು ಕಂಬಳಿಯಾಗುತ್ತೆ. ರೇಡಿಯೇಟರಿನ ಹಲ್ಲುಗಳು ಒತ್ತೊತ್ತಾಗಿರ್ತವೆ, ಫ್ಯಾನು ಮೇಲೆ ಕೂತಿರುತ್ತೆ. ಕಂಬಳಿ ಬೆಳೆಯೋದು ಅವೆರಡರ ನಡುವೆ, ಕಣ್ಣಿಗೆ ಕಾಣದ ಜಾಗದಲ್ಲಿ. ಗೋಪುರದ ಗಾಳಿ ಕೂಲರಿನಲ್ಲಿ ಹಲ್ಲುಗಳ ಅಂತರ ಹೆಚ್ಚು. ಫ್ಯಾನಿನ ಕ್ಲಿಪ್ ತೆಗೆದು ಬಣ್ಣದ ಬ್ರಷ್ಷಿನಿಂದ ಒರೆಸಿದ್ರೆ ಆಯ್ತು.

6. ನನ್ನ ಶಿಫಾರಸು

ಮೇಲಿನ ಚರಿತ್ರೆ, ಲೆಕ್ಕ ಎರಡನ್ನೂ ಸೇರಿಸಿ ಕ್ರಮವಾಗಿ ಹೇಳ್ತೀನಿ.

ಮೊದಲು ಬಿಸಿಯನ್ನು ಹುಟ್ಟುವಲ್ಲೇ ತಗ್ಗಿಸಬೇಕು. ಚಿಪ್ಪು ಎಳೆಯೋ ವಿದ್ಯುತ್ತು ವೇಗಕ್ಕೆ ನೇರ ಅನುಪಾತದಲ್ಲೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲೂ ಏರುತ್ತೆ. ಕೊನೆಯ ತುಸು ವೇಗಕ್ಕೆ ವೋಲ್ಟೇಜ್ ಏರಿಸಲೇಬೇಕು, ಅದಕ್ಕೇ ಬಹಳ ವಾಟ್ ಖರ್ಚು. ಬಯಾಸ್‌ನಲ್ಲಿ 230ರ ಮಿತಿಯನ್ನು 140–150ಕ್ಕೆ ಇಳಿಸಿದ್ರೆ ಬಿಸಿ ಇಳಿದಷ್ಟು ವೇಗ ಇಳಿಯೋದಿಲ್ಲ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಎರಡನೇದು ಕೋಣೆ ಮತ್ತು ಹೊತ್ತು. ಎಕ್ಸಾಸ್ಟ್ ಫ್ಯಾನ್, ನೆರಳಿನ ಕಡೆಯ ಗೋಡೆ, ಬೆಳಗಿನ ಜಾವದ ಕೆಲಸ. ಕಾಂಕ್ರೀಟ್ ತಾರಸಿ ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಊಟದ ಹೊತ್ತಿಗೆ ಕೋಣೆಗೆ ಬಿಡುತ್ತೆ. ಹಾಗಾಗಿ ದೊಡ್ಡ ಜೋಡಣೆಯನ್ನು ಸಂಜೆ ಏಳಕ್ಕೆ ಶುರು ಮಾಡೋದಕ್ಕಿಂತ ರಾತ್ರಿ ಎರಡಕ್ಕೆ ತಾನೇ ಶುರುವಾಗೋ ಹಾಗೆ ಇಡೋದು ಮೇಲು.

ಮೂರನೇದು ಕ್ಯಾಬಿನೆಟ್. ಮುಂದೆ ಜಾಲರಿ ಇರೋದು, ಬಿಚ್ಚಿ ತೊಳೆಯೋ ಫಿಲ್ಟರ್ ಇರೋದು. ಒಳಗೆ ಗಾಳಿ ತಳ್ಳೋ ಫ್ಯಾನುಗಳು ಹೊರಗೆ ಎಳೆಯೋ ಫ್ಯಾನಿಗಿಂತ ಹೆಚ್ಚಿರಬೇಕು. ಆಗ ಸಂದಿಗಳಿಂದ ಗಾಳಿ ಹೊರಗೆ ಹೋಗುತ್ತೆ, ಎಳೆ ಒಳಗೆ ಬರೋದು ಫಿಲ್ಟರ್ ದಾಟಿಯೇ. ಸುಗ್ಗಿಯಲ್ಲಿ ವಾರಕ್ಕೊಮ್ಮೆ ತೊಳೆಯಬೇಕು.

ಇಷ್ಟಾದ ಮೇಲೆ ಗಾಳಿಯೋ ನೀರೋ ಅನ್ನೋ ಪ್ರಶ್ನೆ. 150 ವಾಟಿಗೆ ಎರಡು ಗೋಪುರದ ಗಾಳಿ ಕೂಲರ್ ಸಾಕು. ಅದರಲ್ಲಿ ಕೆಡೋದು ಫ್ಯಾನ್ ಒಂದೇ, ಅದು ಆದೋನಿಯಲ್ಲೋ ಬಳ್ಳಾರಿಯಲ್ಲೋ ಸಿಗುತ್ತೆ. ನೀರಿನ ಕೂಲರಿನಲ್ಲಿ ಪಂಪ್ ಕೆಟ್ರೆ ಇಡೀ ಕೂಲರನ್ನೇ ಬದಲಾಯಿಸಬೇಕು. ಒಳಗಿನ ದ್ರವವೂ ವರ್ಷಗಳಲ್ಲಿ ಕೊಳವೆಯ ಮೂಲಕ ಸ್ವಲ್ಪಸ್ವಲ್ಪ ಆರಿ ಹೋಗುತ್ತೆ. ಗಾಳಿ ಕೂಲರಿಗೆ ಒಂದು ತೊಂದರೆ ಇದೆ, ಅದು ತೂಕ. ನಾಕ್ಟುವಾ ಎನ್‌ಎಚ್-ಡಿ15 ಫ್ಯಾನುಗಳ ಸಮೇತ 1.3 ಕೆಜಿ. ಬೆಂಗಳೂರಿಂದ ಬಸ್ಸಿನಲ್ಲಿ ಹಾಗೇ ತಂದ್ರೆ ಮದರ್‌ಬೋರ್ಡ್ ಬಿರುಕು ಬಿಡಬಹುದು. ಕೂಲರ್ ಬಿಚ್ಚಿ ತಂದು, ಇಲ್ಲೇ ಹೊಸ ಥರ್ಮಲ್ ಪೇಸ್ಟ್ ಹಚ್ಚಿ ಕೂರಿಸಬೇಕು.

ಪ್ರಶ್ನೋತ್ತರ

ಒಬ್ಬ ಪ್ರಾಧ್ಯಾಪಕರು: ಇಷ್ಟೆಲ್ಲ ಯಾಕಪ್ಪಾ, ಒಂದು ಎಸಿ ಹಾಕಿಸಿದ್ರೆ ಮುಗೀತಲ್ಲ?

ಆಗುತ್ತೆ ಸರ್. ಒಂದು ಟನ್ನಿನ ಎಸಿ ಸುಮಾರು 3.5 ಕಿಲೊವಾಟ್ ಬಿಸಿ ಹೊರಹಾಕುತ್ತೆ. ನಮ್ಮ ಯಂತ್ರ ಅದರಲ್ಲಿ ಏಳನೇ ಒಂದು ಪಾಲು. ದುಡ್ಡಿದ್ರೆ ಅದೇ ಒಳ್ಳೇದು, ಧೂಳೂ ಕಡಿಮೆ. ಆದ್ರೆ ಕರೆಂಟ್ ಹೋದಾಗ ಎಸಿಯನ್ನು ಯುಪಿಎಸ್ ಮೇಲೆ ನಡೆಸೋಕಾಗಲ್ಲ, ಕಂಪ್ಯೂಟರ್ ಮಾತ್ರ ನಡೀತಿರುತ್ತೆ, ಅದೂ ಮುಚ್ಚಿದ ಕೋಣೆಯಲ್ಲಿ. ಹಾಗಾಗಿ ಎಸಿ ಇದ್ರೂ ಯಂತ್ರ ಎಸಿ ಇಲ್ಲದೆ ಬದುಕೋ ಹಾಗೆ ಇರಬೇಕು.

ಒಬ್ಬ ಸಹಪಾಠಿ: ಫೋಟೊಗಳನ್ನ ಬೆಂಗಳೂರಿಗೆ ಕಳಿಸಿ ಅಲ್ಲೇ ತಣ್ಣಗಿನ ಲ್ಯಾಬಿನಲ್ಲಿ ಜೋಡಿಸಬಹುದಲ್ವಾ? ಆಸ್ಪರಿಯಲ್ಲೇ ಯಂತ್ರ ಯಾಕೆ?

ತಾಂತ್ರಿಕವಾಗಿ ನಿಮ್ಮ ಮಾತು ಸರಿ, ಬಿಸಿಯ ದೃಷ್ಟಿಯಿಂದ ಅದೇ ಸುಲಭ. ನನ್ನ ಕಾರಣ ಬೇರೆ. ಬಂಡೆಯ ಮಾದರಿ ತಯಾರಾದಾಗ ಒಂದು ಮೂಲೆ ಬಿಟ್ಟುಹೋಗಿದ್ರೆ ಮರುದಿನ ಬೆಳಿಗ್ಗೆ ಹೋಗಿ ಮತ್ತೆ ತೆಗೆಯಬೇಕು. ಆರು ತಿಂಗಳಾದ ಮೇಲೆ ಗೊತ್ತಾದ್ರೆ ಆ ಮೂಲೆ ಬಿಟ್ಟೇ ಹೋಗುತ್ತೆ. ಕಾಗದಪತ್ರ ಕೊಟ್ಟ ಮನೆಯವರೂ ಪರದೆಯ ಮುಂದೆ ಕೂತು, ಇದು ನಮ್ಮ ಅಜ್ಜನ ಕೈಬರಹ, ಇಲ್ಲಿ ಬರೆದಿರೋ ಹೊಲ ಇಂಥ ಕಡೆ ಇದೆ ಅಂತ ಹೇಳಬೇಕು. 1953ರಿಂದ ಈ ಸೀಮೆಯ ಕಾಗದ ಒಂದು ರಾಜ್ಯದಲ್ಲಿ, ಅದನ್ನ ಓದೋ ವಿದ್ವಾಂಸರು ಇನ್ನೊಂದು ರಾಜ್ಯದಲ್ಲಿ ಆಗಿದ್ದಾರೆ. ಯಂತ್ರವನ್ನೂ ಅಲ್ಲೇ ಇಟ್ರೆ ಇಲ್ಲಿಯವರಿಗೆ ಉಳಿಯೋದು ಫೋಟೊ ತೆಗೆಸಿಕೊಂಡ ನೆನಪು ಮಾತ್ರ.

ಇನ್ನೊಬ್ಬರು: ಮೇ ತಿಂಗಳಲ್ಲೂ ನಡೆಯುತ್ತೆ ಅಂತ ಧೈರ್ಯವಾಗಿ ಹೇಳ್ತೀರಾ?

ವಿದ್ಯುತ್ ಮಿತಿ ಇಳಿಸಿ, ಬೆಳಗಿನ ಜಾವ ನಡೆಸಿದ್ರೆ ನಡೆಯುತ್ತೆ ಅಂತ ಲೆಕ್ಕ ಹೇಳುತ್ತೆ. ಕೋಣೆಯಲ್ಲಿ ಒಂದು ಥರ್ಮಾಮೀಟರ್ ತೂಗುಹಾಕಿ, ಕೋಣೆಯ ಉಷ್ಣತೆ, ಚಿಪ್ಪಿನ ಉಷ್ಣತೆ, ಫಿಲ್ಟರ್ ತೊಳೆದ ದಿನ ಮೂರನ್ನೂ ಒಂದೇ ಪುಸ್ತಕದಲ್ಲಿ ಬರೆದಿಡೋ ವ್ಯವಸ್ಥೆ ಮಾಡ್ತೀವಿ. ಜೂನ್ ಮಳೆ ಬರೋ ಹೊತ್ತಿಗೆ ಆ ಅಂಕಿಗಳನ್ನ ಇದೇ ಗೋಷ್ಠಿಯ ಮುಂದೆ ಇಡ್ತೀನಿ, ನೀವೇ ನೋಡಿ ಹೇಳಿ.